ಆಳುವವನಿಗೆ ಆಶೀರ್ವಾದ ಏಕೆ ಬೇಕು?

ಸೈನ್ಯ, ಪೊಲೀಸು, ಜೈಲು ಎಲ್ಲವೂ ಕೈಯಲ್ಲಿರುವ ಸರ್ವಾಧಿಕಾರಿಗೆ ಧರ್ಮಗುರುಗಳ ಆಶೀರ್ವಾದ ಏಕೆ ಬೇಕು? ಬಂದೂಕಿನಿಂದ ಊರು ಗೆಲ್ಲಬಹುದು. ಆದರೆ ದಿನಬೆಳಗಾದರೆ ಜನ ತಾವಾಗಿಯೇ ತಲೆಬಾಗಬೇಕಾದರೆ ಇವನ ಆಳ್ವಿಕೆ ನ್ಯಾಯವಾದದ್ದೆಂಬ ನಂಬಿಕೆ ಬೇಕು. ಅದನ್ನು ಕೊಡಬಲ್ಲದ್ದು ಜನ ನಂಬಿದ ಗುರುಪೀಠ. ಸ್ಪೇನಿನ ಜನರಲ್ ಫ್ರಾಂಕೋ ಇದನ್ನು ಚೆನ್ನಾಗಿ ಬಲ್ಲವನಾಗಿದ್ದ.

1936ರಿಂದ 1939ರವರೆಗಿನ ಅಂತರ್ಯುದ್ಧದಲ್ಲಿ ಅವನ ವಿರೋಧಿ ಪಾಳೆಯದಲ್ಲಿ ಸಾವಿರಾರು ಪಾದ್ರಿಗಳು ಹತರಾದರು. ಹಾಗಾಗಿ 1937ರಲ್ಲಿ ಬಿಷಪ್‌ಗಳು ಬಹಿರಂಗ ಪತ್ರ ಬರೆದು ಅವನ ಪರ ನಿಂತದ್ದು ಅರ್ಥವಾಗುತ್ತದೆ. ಆಮೇಲಿನದು ವ್ಯಾಪಾರ. ನಾಣ್ಯಗಳ ಮೇಲೆ ಅವನು ದೇವರ ಕೃಪೆಯಿಂದ ನಾಯಕನಾದವನು ಎಂಬ ಬರಹ ಬಂತು. 1953ರಲ್ಲಿ ವ್ಯಾಟಿಕನ್ ಜೊತೆ ಒಪ್ಪಂದವಾಯಿತು: ಚರ್ಚಿಗೆ ಸರ್ಕಾರದ ಹಣ, ಶಿಕ್ಷಣದಲ್ಲಿ ಹಿಡಿತ; ಅವನಿಗೆ ಬಿಷಪ್ ಸ್ಥಾನಕ್ಕೆ ಹೆಸರು ಸೂಚಿಸುವ ಹಕ್ಕು.

ದೇವರ ಕೃಪೆಯಿಂದ ಹೊಟ್ಟೆ ತುಂಬದಾದಾಗ ವೇಷ ಬದಲಾಯಿತು. ಖಜಾನೆ ಬರಿದಾಗುತ್ತಿದ್ದ 1959ರಲ್ಲಿ ತಜ್ಞ ಮಂತ್ರಿಗಳ ಮಾತು ಕೇಳಿ ಆರ್ಥಿಕ ನೀತಿಯನ್ನೇ ತಿರುಗಿಸಿದ. 1964ರಲ್ಲಿ 25 ವರ್ಷಗಳ ಶಾಂತಿಯ ಉತ್ಸವ ನಡೆಯಿತು. ಚಿತ್ರಮಂದಿರಗಳ ವಾರ್ತಾಚಿತ್ರದಲ್ಲಿ ಅವನು ಅಣೆಕಟ್ಟು ಉದ್ಘಾಟಿಸುವುದೇ ಉದ್ಘಾಟಿಸುವುದು. ಜನ ಬೆನ್ನ ಹಿಂದೆ 'ಕಪ್ಪೆ' ಎಂದು ನಗುತ್ತಿದ್ದರು. ಸರ್ಕಾರಿ ಎಂಜಿನಿಯರ್ ಆಗಿದ್ದ ನನ್ನ ಕಣ್ಣಿಗೆ ಬೀಳುವುದು ಬೇರೆ: ದೇಶದ ಜಲ ಕಾಮಗಾರಿಗಳ ಯೋಜನೆಯನ್ನು ಅವನಿಗಿಂತ ಮೊದಲೇ, 1933ರಲ್ಲಿ, ಲೊರೆಂಜೊ ಪಾರ್ಡೊ ಎಂಬ ಎಂಜಿನಿಯರ್ ಸಿದ್ಧಪಡಿಸಿದ್ದರು. ಶಿಲಾಫಲಕದಲ್ಲಿ ಯಾರ ಹೆಸರಿರುತ್ತದೆಂದು ನನ್ನ ವೃತ್ತಿಯವರಿಗೆ ಗೊತ್ತು.

ಆಶೀರ್ವಾದ ಮಾತ್ರ ಅವನ ಕೈ ಜಾರಿತು. ಕಿರಿಯ ಪಾದ್ರಿಗಳು ಕಾರ್ಮಿಕರ ಜೊತೆ ನಿಂತರು. 1968ರಿಂದ ಸಮೋರಾದ ಜೈಲಿನಲ್ಲಿ ಪಾದ್ರಿಗಳಿಗೆಂದೇ ಪ್ರತ್ಯೇಕ ವಿಭಾಗ ಬೇಕಾಯಿತು, ಕ್ಯಾಥೊಲಿಕ್ ರಾಜ್ಯವೆಂದು ಹೇಳಿಕೊಂಡ ದೇಶದಲ್ಲಿ! 1971ರ ಬಿಷಪ್ ಮತ್ತು ಪಾದ್ರಿಗಳ ಸಭೆಯಲ್ಲಿ, ಯುದ್ಧಕಾಲದಲ್ಲಿ ಸೋದರರನ್ನು ಒಂದುಗೂಡಿಸದೆ ಹೋದದ್ದಕ್ಕೆ ಕ್ಷಮೆ ಕೇಳಬೇಕೆಂಬ ನಿರ್ಣಯಕ್ಕೆ ಬಹುಮತ ಬಂತು. ಬೇಕಿದ್ದ ಮೂರನೆಯ ಎರಡು ಪಾಲು ಸಿಗಲಿಲ್ಲ.

ಬಿಜ್ಜಳನ ಭಂಡಾರ ನೋಡಿಕೊಳ್ಳುತ್ತಲೇ ಜಾತಿಯ ಕಟ್ಟು ಮುರಿಯಲು ಹೊರಟ ಬಸವಣ್ಣನವರ ಮಕ್ಕಳು ನಾವು. ಮಠದ ವೇದಿಕೆಯ ಮೇಲೆ ಮಂತ್ರಿಗೆ ಶಾಲು ಹೊದಿಸಿ, ಅನುದಾನದ ಘೋಷಣೆಗೆ ಚಪ್ಪಾಳೆ ತಟ್ಟುವಾಗ ನಾವು ಪಡೆಯುವುದೆಷ್ಟು, ಕೊಡುವುದೇನು ಎಂದು ನಮ್ಮ ಪೂಜ್ಯರನ್ನು ಕೇಳುವ ಸಲುಗೆಯಾದರೂ ಭಕ್ತರಿಗೆ ಇರಬೇಕು.

1974ರಲ್ಲಿ ಬಿಲ್ಬಾವೊದ ಬಿಷಪ್ ಅನ್ಯೊವೆರೊಸ್ ಬಾಸ್ಕ್ ಜನರ ಹಕ್ಕಿನ ಪರ ಪ್ರವಚನ ಬರೆದರು. ಸರ್ಕಾರ ಅವರನ್ನು ಗೃಹಬಂಧನದಲ್ಲಿಟ್ಟು, ದೇಶದಿಂದ ಹೊರಕಳಿಸಲು ವಿಮಾನ ಸಿದ್ಧಮಾಡಿತು. ಪೋಪರ ಆಜ್ಞೆಯಿಲ್ಲದೆ ಹೊರಡುವುದಿಲ್ಲ ಎಂದರು ಅವರು. ಕೊನೆಗೆ ಹಿಂದೆ ಸರಿದವನು ಫ್ರಾಂಕೋ.