ಕೂಗಿದ ಮಾತು ದೂರ ಹೋಗದು

ಕಲಾ ಮಹಾವಿದ್ಯಾಲಯದ ವಾರ್ಷಿಕ ಸಂಚಿಕೆಯಲ್ಲಿ ಮೈಕಿನ ವಿಚಾರವೇಕೆಂದು ವಾಚಕರು ಹುಬ್ಬೇರಿಸಬಹುದು. ಆದರೆ ಮೈಕು ಹೊತ್ತೊಯ್ಯುವುದು ಮಾತನ್ನು. ಮಾತಿನ ಚಿಂತೆ ನಮ್ಮದಲ್ಲದೆ ಇನ್ನಾರದು?

ಹುಬ್ಬಳ್ಳಿ-ಧಾರವಾಡಗಳ ನಡುವಣ ಹೆದ್ದಾರಿಯ ಮೇಲೆ ನಮ್ಮ ಸತ್ತೂರ ಇದೆ. ಹಗಲಿರುಳು ವಾಹನಗಳು ಓಡುವ ಇಂಥ ದಾರಿಯಲ್ಲಿ ಅಪಘಾತವಾದರೆ ನಿಯಂತ್ರಣ ಕೊಠಡಿಯವರು ನಿಸ್ತಂತು ಯಂತ್ರದ ಮೂಲಕ ಗಸ್ತಿನ ವಾಹನಕ್ಕೆ ಸ್ಥಳವನ್ನು ತಿಳಿಸಬೇಕಾಗುತ್ತದೆ. ಆಗ ಒಂದು ಅಕ್ಷರ ತಪ್ಪಿ ಕೇಳಿಸಿದರೂ ಗಾಯಾಳುವಿನ ಪ್ರಾಣಕ್ಕೆ ಕುತ್ತು.

ಗಟ್ಟಿಯಾಗಿ ಕೂಗಿದರೆ ಮಾತು ದೂರ ಹೋಗುವುದೆಂಬ ನಂಬಿಕೆ ಹಲವರಲ್ಲಿದೆ. ಇದು ಶುದ್ಧ ತಪ್ಪು. ದೂರವನ್ನು ನಿರ್ಧರಿಸುವುದು ಯಂತ್ರದ ಶಕ್ತಿ, ಆಂಟೆನಾದ ಎತ್ತರ, ನಮ್ಮ ಗಂಟಲಲ್ಲ. ಧ್ವನಿಯು ಮಿತಿ ಮೀರಿದರೆ ಯಂತ್ರವು ಅದರ ತುದಿಗಳನ್ನು ಕತ್ತರಿಸಿಬಿಡುತ್ತದೆ. ಕೇಳುವವನಿಗೆ ದಕ್ಕುವುದು ಒಡಕು ಗದ್ದಲ ಮಾತ್ರ. ಮಟ್ಟವನ್ನು ತೀರ ತಗ್ಗಿಸಿದರೆ ಎಂಜಿನ್ನಿನ ಸದ್ದು ಮಾತನ್ನು ನುಂಗುತ್ತದೆ. ತೀರ ಏರಿಸಿದರೆ ಕೊಠಡಿಯ ಫ್ಯಾನು, ಪಕ್ಕದವರ ಹರಟೆ ಎಲ್ಲವೂ ಜೊತೆಗೂಡಿ ಹೊರಡುತ್ತವೆ.

ನಮ್ಮ ಭಾಷೆಯದೂ ಒಂದು ತೊಡಕುಂಟು. ಇಂಥ ಯಂತ್ರಗಳು ಸಾಧಾರಣವಾಗಿ 300ರಿಂದ 3000 ಹರ್ಟ್ಸ್‌ವರೆಗಿನ ಧ್ವನಿಯನ್ನಷ್ಟೇ ಸಾಗಿಸುತ್ತವೆ. ‘ಸ’ಕಾರದ ಬಹುಭಾಗ ಅದಕ್ಕೂ ಮೇಲಿದೆ. ಸತ್ತೂರೆಂಬ ಹೆಸರು ಮೊದಲಾಗುವುದೇ ಆ ಅಕ್ಷರದಿಂದ! ಇನ್ನು ಗುಂಡಿಯನ್ನು ಒತ್ತುವ ಮೊದಲೇ ಬಾಯಿ ತೆರೆದರೆ ಮೊದಲ ಅಕ್ಷರವೇ ಹಾರಿಹೋಗುತ್ತದೆ. ಆಗ ಇಪ್ಪತ್ತು ಯಾವುದು, ಎಪ್ಪತ್ತು ಯಾವುದು?

1950ರ ಜನವರಿ 8ರಂದು ಆರಂಭವಾದ ಧಾರವಾಡದ ಆಕಾಶವಾಣಿ ನಮ್ಮ ಜನಕ್ಕೆ ಮೈಕಿನ ಮುಂದಿನ ಮಾತಿನ ಹದವನ್ನು ಕೇಳಿಸಿತು. ಆದರೆ ಬಾನುಲಿಯ ಸ್ಟುಡಿಯೋ ನಿಶ್ಶಬ್ದವಾದುದು. ಅಲ್ಲಿ ಧ್ವನಿಯ ಮಟ್ಟವನ್ನು ನೋಡಿಕೊಳ್ಳಲು ಬೇರೆಯವರಿರುತ್ತಾರೆ. ನಿಯಂತ್ರಣ ಕೊಠಡಿಯವನಿಗೆ ಈ ಭಾಗ್ಯವಿಲ್ಲ. ಆದುದರಿಂದ ಮಟ್ಟವನ್ನು ಮುಂಚಿತವಾಗಿಯೇ ಗೊತ್ತುಪಡಿಸಿಡುವುದು ಅವಶ್ಯ.

ನನ್ನ ಸೂಚನೆ ಸರಳವಾದುದು. ಪಾಳಿ ಬದಲಾದಾಗಲೆಲ್ಲ ಹೊಸಬನು ಮೈಕನ್ನು ಬಾಯಿಂದ ಎರಡು ಮೂರು ಅಂಗುಲ ದೂರದಲ್ಲಿ, ತುಸು ಓರೆಯಾಗಿ ಹಿಡಿದು, ತನ್ನ ಸಹಜ ಧ್ವನಿಯಲ್ಲಿ ಗೊತ್ತಾದ ಒಂದೇ ವಾಕ್ಯವನ್ನು ಹೇಳಲಿ. ಎಂಜಿನ್ನು ಓಡುತ್ತಿರುವ ವಾಹನದಲ್ಲಿ ಕುಳಿತವನು ಅದನ್ನು ಕೇಳಿ ತೀರ್ಪು ಕೊಡಲಿ. ಹೇಳಿದವನ ಕಿವಿಗೆ ಚೆನ್ನಾಗಿ ಕೇಳಿಸಿದರೆ ಪ್ರಯೋಜನವಿಲ್ಲ. ಬಳಿಕ ಆ ದೂರವನ್ನು ಬದಲಿಸಬಾರದು. ಎರಡು ಅಂಗುಲ ನಾಲ್ಕಾದರೆ ಧ್ವನಿಯ ಮಟ್ಟ ಸುಮಾರು 6 ಡೆಸಿಬಲ್ ಕುಸಿಯುತ್ತದೆ. ಗುಂಡಿ ಒತ್ತಿ, ಒಂದು ಕ್ಷಣ ತಡೆದು ಮಾತನಾಡಲಿ. ಸಂಖ್ಯೆಯನ್ನು ಬಿಡಿ ಬಿಡಿಯಾಗಿ, ‘ಎರಡು, ಸೊನ್ನೆ’ ಎಂದು ಹೇಳಲಿ. ಕೇಳಿದವನು ಅದನ್ನೇ ಮರಳಿ ನುಡಿಯಲಿ.

ಇದಕ್ಕೆ ಹೊಸ ಯಂತ್ರ ಬೇಡ, ಹೆಚ್ಚಿನ ಹಣವೂ ಬೇಡ, ಬೇಕಾದುದು ಶಿಸ್ತು. ನಾಳೆ ನಮ್ಮಲ್ಲಿಯೇ ಕೆಲವರು ಪೊಲೀಸು ಇಲಾಖೆಯನ್ನೋ ಸಾರಿಗೆಯನ್ನೋ ಸೇರಿ ಆ ಕುರ್ಚಿಯಲ್ಲಿ ಕೂಡಬಹುದು. ನಮ್ಮ ಚರ್ಚಾಕೂಟಗಳಲ್ಲಿ ಗರ್ಜಿಸುವುದನ್ನು ಸಾಕಷ್ಟು ಕಲಿತಿದ್ದೇವೆ. ಒಂದು ವಿಳಾಸವನ್ನು ಕೇಳುವವನಿಗೆ ತಿಳಿಯುವಂತೆ ನೆಟ್ಟಗೆ ಹೇಳುವುದನ್ನೂ ಅಲ್ಲಿಯೇ ಕಲಿಯುವುದು ಒಳ್ಳೆಯದಲ್ಲವೇ?