ಮೊದಲು ದುಡ್ಡೋ, ಮೊದಲು ದಾಖಲೆಯೋ?

ಪ್ರಶ್ನೆ: ಕೆಲಸ ಕಳೆದುಕೊಂಡವರು ಭತ್ಯೆಗೆ ಅರ್ಜಿ ಹಾಕಿದ ಕೂಡಲೇ ಮೊದಲ ಕಂತನ್ನು ಕೊಟ್ಟು, ಪರಿಶೀಲನೆಯನ್ನು ಆಮೇಲೆ ಮಾಡಬೇಕೇ?

ಪರ

ಇಎಸ್‌ಐ ಕಾರ್ಡು ಇದ್ದರೆ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗುತ್ತದೆ ಎಂಬುದು ಪೀಣ್ಯ, ಬೊಮ್ಮಸಂದ್ರದಲ್ಲಿ ದುಡಿಯುವವರಿಗೆಲ್ಲ ಗೊತ್ತು. ಅದೇ ಕಾರ್ಡಿನ ಮೇಲೆ ಕೆಲಸ ಹೋದಾಗ ಭತ್ಯೆಯೂ ಉಂಟು ಎಂದರೆ ಹಲವರು ನಂಬುವುದಿಲ್ಲ. 2018ರ ಜುಲೈ 1ರಿಂದ ಜಾರಿಯಲ್ಲಿರುವ ಆ ಯೋಜನೆಯ ಹೆಸರು ‘ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ’. ಈ ಹೆಸರನ್ನು ಸಲೀಸಾಗಿ ಹೇಳಲು ಕಲಿಯುವಷ್ಟರಲ್ಲಿ ಹೊಸ ಕೆಲಸವೇ ಸಿಕ್ಕೀತು! ಇರಲಿ. ಈ ದುಡ್ಡು ಯಾರ ದಾನವೂ ಅಲ್ಲ. ತಿಂಗಳಿಗೆ 18,000 ರೂಪಾಯಿ ಸಂಬಳದವರಿಂದ ಶೇ 0.75, ಅವರ ಮಾಲೀಕರಿಂದ ಶೇ 3.25, ಒಟ್ಟು 720 ರೂಪಾಯಿ ತಿಂಗಳು ತಪ್ಪದೆ ನಿಗಮಕ್ಕೆ ಸಂದಾಯವಾಗುತ್ತದೆ. ಕಟ್ಟಿಸಿಕೊಳ್ಳುವಾಗ ಯಾರೂ ಅಫಿಡವಿಟ್ ಕೇಳುವುದಿಲ್ಲ. ಕೊಡುವಾಗ ಮಾತ್ರ ಸಾವಿರ ಸಂಶಯ.

ಮೊದಲಿಗೆ ಕೆಲಸ ಹೋಗಿ 90 ದಿನ ಕಳೆದ ಮೇಲಷ್ಟೇ ಅರ್ಜಿ ಹಾಕಬಹುದಿತ್ತು. ಸಿಗುತ್ತಿದ್ದುದು ಸರಾಸರಿ ದಿನಗೂಲಿಯ ಶೇ 25 ಮಾತ್ರ. ಅದೂ ಹೆಚ್ಚೆಂದರೆ 90 ದಿನಕ್ಕೆ, ಬದುಕಿನಲ್ಲಿ ಒಂದೇ ಸಲ. ಮೂರು ತಿಂಗಳು ಹೇಗೋ ಬದುಕಿ ತೋರಿಸಿದವರಿಗೆ ಇನಾಮು ಕೊಟ್ಟ ಹಾಗಿತ್ತು ಅದು. ಕೋವಿಡ್ ಬಂದಮೇಲೆ ಭತ್ಯೆ ಶೇ 50ಕ್ಕೆ ಏರಿತು, ಕಾಯುವ ಅವಧಿ 30 ದಿನಕ್ಕೆ ಇಳಿಯಿತು. ಮಾಲೀಕರ ಮೂಲಕವೇ ಅರ್ಜಿ ಹೋಗಬೇಕೆಂಬ ಕಟ್ಟು ಸಡಿಲವಾಗಿ, ನೇರವಾಗಿ ಶಾಖಾ ಕಚೇರಿಗೆ ಕೊಡಬಹುದಾಯಿತು. 2020ರ ನವೆಂಬರಿನಲ್ಲಿ ಅಫಿಡವಿಟ್ಟನ್ನೂ ಕೈಬಿಟ್ಟರು. ನನ್ನ ಪ್ರಶ್ನೆ ಇಷ್ಟೇ: ದೇಶವೇ ತತ್ತರಿಸುತ್ತಿದ್ದಾಗ ಬೇಡವಾದ ಕಾಗದ, ಎಲ್ಲ ಸುಸೂತ್ರವಾಗಿದ್ದಾಗ ಯಾಕೆ ಬೇಕಾಗಿತ್ತು?

ಗಂಟು ಈಗಲೂ ಪೂರ್ತಿ ಬಿಚ್ಚಿಲ್ಲ. ಅರ್ಜಿ ನೇರವಾಗಿ ಹೋದರೂ, ಖಾತರಿಗೆ ಶಾಖಾ ಕಚೇರಿ ಹಳೆಯ ಮಾಲೀಕರನ್ನೇ ಕೇಳಬೇಕು. ರಾತ್ರೋರಾತ್ರಿ ಬೀಗ ಬಿದ್ದ ಗಾರ್ಮೆಂಟ್ಸಿನಲ್ಲಿ ಕೇಳುವುದು ಯಾರನ್ನು? ಕೆಲಸದಿಂದ ತೆಗೆದವನಿಗೆ, ತೆಗೆದೆ ಎಂದು ಬರೆದುಕೊಡುವ ಉತ್ಸಾಹ ಎಷ್ಟಿರುತ್ತದೆ? ಆಧಾರಿನಲ್ಲಿ ‘ಲಕ್ಷ್ಮಮ್ಮ’, ಇಎಸ್‌ಐನಲ್ಲಿ ‘ಲಕ್ಷ್ಮೀ’ ಎಂದಿದ್ದರೆ ಅದು ಬೇರೆ ಕಥೆ. ನಮ್ಮ ಕರಾವಳಿಯಲ್ಲೇ ಹುಟ್ಟಿದ ವಿಜಯಾ, ಕಾರ್ಪೊರೇಷನ್, ಸಿಂಡಿಕೇಟ್ ಬ್ಯಾಂಕುಗಳು 2019-20ರ ವಿಲೀನದಲ್ಲಿ ಮಾಯವಾದವು. ಪಾಸ್‌ಬುಕ್ಕಿನಲ್ಲಿದ್ದ ಹಳೆಯ ಐಎಫ್‌ಎಸ್‌ಸಿಯನ್ನೇ ಅರ್ಜಿಯಲ್ಲಿ ತುಂಬಿದರೆ ಮಂಜೂರಾದ ಹಣ ಖಾತೆಗೆ ಮುಟ್ಟುವುದಿಲ್ಲ. ಬ್ಯಾಂಕು ಹೆಸರು ಬದಲಿಸಿದ್ದಕ್ಕೆ ದಂಡ ತೆರುವುದು ಕೆಲಸವಿಲ್ಲದವರು.

ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿಯನ್ನೂ ನೋಡಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಮೊದಲ ಹಣ ಬಿಡುಗಡೆಯಾಯಿತು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಪಾಸಾಗಿ 180 ದಿನ ಕೆಲಸವಿಲ್ಲದೆ ಇದ್ದವರು ಅರ್ಹರು. ಆದರೆ ಅಂಕಪಟ್ಟಿ ರಾಷ್ಟ್ರೀಯ ಶೈಕ್ಷಣಿಕ ಭಂಡಾರಕ್ಕೆ ಏರಿರಬೇಕು, ಅದನ್ನು ಏರಿಸುವುದು ವಿಶ್ವವಿದ್ಯಾಲಯದ ಕೆಲಸ. ವಿಶ್ವವಿದ್ಯಾಲಯ ನಿದ್ದೆ ಹೊಡೆದರೆ ಹುಡುಗಿಯ ಅರ್ಜಿ ಕೊಳೆಯುತ್ತದೆ. ಪರಿಶೀಲನೆಗೆ ಬೇಕಾದ ದಾಖಲೆಯೆಲ್ಲ ಸರ್ಕಾರದ ಒಂದಲ್ಲ ಒಂದು ಕಂಪ್ಯೂಟರಿನಲ್ಲಿದೆ. ಅವು ಒಂದರೊಡನೊಂದು ಮಾತಾಡುವವರೆಗೆ ಬಡವರೇ ಯಾಕೆ ಕಾಯಬೇಕು?

ಇದು ಹೊಸ ವಾದವೇನಲ್ಲ. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಕ್ಯಾಲಿಫೋರ್ನಿಯಾದ ಜಾವಾ ಎಂಬ ಮಹಿಳೆಯ ಪ್ರಕರಣದಲ್ಲಿ ಈ ಮಾತನ್ನೇ ಎತ್ತಿಹಿಡಿಯಿತು. ಅರ್ಹತೆ ತೀರ್ಮಾನವಾದ ಮೇಲೂ ಮಾಲೀಕ ಮೇಲ್ಮನವಿ ಹಾಕಿದನೆಂದು ಭತ್ಯೆಯನ್ನು ತಡೆಹಿಡಿಯುವುದು ಕಾನೂನಿಗೆ ವಿರುದ್ಧ ಎಂದಿತು. ಕೆಲಸ ಹೋದ ಹೊತ್ತಿನಲ್ಲೇ ಕೈಗೆ ಬರದಿದ್ದರೆ ಅದು ಭತ್ಯೆಯಲ್ಲ, ಹಳೆ ಬಾಕಿ.

ವಿರೋಧ

ಮೇಲಿನ ಸಿಟ್ಟು ನನಗೂ ಇದೆ. ಮಾಲೀಕರ ಸಹಿ, ಹೆಸರಿನ ಅಕ್ಷರ, ಐಎಫ್‌ಎಸ್‌ಸಿ, ಇವುಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಜಾವಾ ತೀರ್ಪನ್ನು ಪೂರ್ತಿ ಓದಬೇಕು. ಆಕೆಯನ್ನು ಕಚೇರಿಗೆ ಕರೆಸಿ ಮಾತಾಡಿಸಿದ್ದರು, ಮಾಲೀಕರಿಗೂ ಹೇಳಿಕೊಳ್ಳಲು ಅವಕಾಶವಿತ್ತು, ಅದಾದ ಮೇಲೆಯೇ ಅರ್ಹಳೆಂದು ತೀರ್ಮಾನಿಸಿದ್ದರು. ತೀರ್ಮಾನಿಸಿದ್ದನ್ನು ತಡೆಯಬೇಡಿ ಎಂದಿತೇ ಹೊರತು, ತೀರ್ಮಾನಿಸದೆ ಕೊಡಿ ಎಂದು ಆ ಕೋರ್ಟು ಹೇಳಲಿಲ್ಲ.

ತೀರ್ಮಾನಿಸದೆ ಕೊಟ್ಟರೆ ಏನಾಗುತ್ತದೆಂಬುದಕ್ಕೂ ಅದೇ ಕ್ಯಾಲಿಫೋರ್ನಿಯಾ ಸಾಕ್ಷಿ. 2020ರಲ್ಲಿ ಸ್ವಂತ ದುಡಿಮೆಯವರಿಗೆಂದು ತಂದ ಕೋವಿಡ್ ಭತ್ಯೆಯಲ್ಲಿ ಅರ್ಜಿದಾರರ ಮಾತೇ ಪುರಾವೆಯಾಗಿತ್ತು. ವಂಚಕರ ಪಾಲಾದದ್ದು ಸುಮಾರು 2,000 ಕೋಟಿ ಡಾಲರ್ ಎಂದು ಆಮೇಲೆ ಆ ರಾಜ್ಯದ ಇಲಾಖೆಯೇ ಅಂದಾಜಿಸಿತು. ಅದರ ಬಹುಪಾಲು ಸೋರಿದ್ದು ಈ ಹೊಸ ಭತ್ಯೆಯಲ್ಲೇ. ಮರಣದಂಡನೆಗೆ ಗುರಿಯಾಗಿ ಜೈಲಿನಲ್ಲಿದ್ದವರ ಹೆಸರಿನಲ್ಲೂ ಅರ್ಜಿಗಳಿದ್ದವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು: 2021ರ ಹೊಸ ವರ್ಷದ ಹೊತ್ತಿಗೆ 14 ಲಕ್ಷ ಅರ್ಜಿಗಳನ್ನು ಒಟ್ಟಿಗೆ ತಡೆಹಿಡಿದರು. ನಿಜವಾಗಿ ಕೆಲಸವಿಲ್ಲದವರೂ ಆ ಬಲೆಯಲ್ಲಿ ಸಿಕ್ಕಿಬಿದ್ದು, ಮತ್ತೆ ಮೊದಲಿನಿಂದ ತಮ್ಮನ್ನು ತಾವು ಸಾಬೀತುಪಡಿಸಬೇಕಾಯಿತು. ಅವಸರದ ಔದಾರ್ಯವೇ ಅಲ್ಲಿ ವಿಳಂಬ ಹೆತ್ತಿತು.

ಖಜಾನೆಯ ನಷ್ಟ ನನಗೆ ಮುಖ್ಯವಲ್ಲ, ಅದನ್ನು ಸರ್ಕಾರ ತಡೆದುಕೊಳ್ಳುತ್ತದೆ. ನನ್ನ ಭಯ ವಸೂಲಿಯದು. ‘ಆಮೇಲೆ ಪರಿಶೀಲನೆ’ ಎಂದರೆ ‘ಆಮೇಲೆ ವಾಪಸ್ ಕೇಳುತ್ತೇವೆ’ ಎಂದೇ ಅರ್ಥ. ಆಸ್ಟ್ರೇಲಿಯಾದ ‘ರೋಬೋಡೆಟ್’ ಎಂಬ ವಸೂಲಿ ಯೋಜನೆ ಅದನ್ನೇ ಮಾಡಿತು. ತೆರಿಗೆ ಇಲಾಖೆಯಲ್ಲಿದ್ದ ವರ್ಷದ ಆದಾಯವನ್ನು ಎರಡೆರಡು ವಾರಕ್ಕೆ ಸಮನಾಗಿ ಹಂಚಿ, ಭತ್ಯೆ ಪಡೆದ ವಾರಗಳಲ್ಲೂ ನಿಮಗೆ ಆದಾಯವಿತ್ತು ಎಂದು ಕಂಪ್ಯೂಟರು ಲೆಕ್ಕ ತೆಗೆಯಿತು. ನಾಲ್ಕು ತಿಂಗಳು ದುಡಿದು ಎಂಟು ತಿಂಗಳು ಖಾಲಿ ಕೂತವರ ಬದುಕು ಆ ಭಾಗಾಕಾರಕ್ಕೆ ಸಿಗುತ್ತದೆಯೇ? ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ, ನೀವು ಸರ್ಕಾರಕ್ಕೆ ಸಾಲಗಾರರು ಎಂಬ ಪತ್ರ ಹೋಯಿತು. ಅದು ಕಾನೂನುಬಾಹಿರವೆಂದು ಒಪ್ಪಿಕೊಳ್ಳಲು 2019ರ ನವೆಂಬರ್ ಬರಬೇಕಾಯಿತು. ರಾಯಲ್ ಕಮಿಷನ್ ವರದಿ ಬಂದದ್ದು 2023ರ ಜುಲೈನಲ್ಲಿ. ಅಮೆರಿಕದ ಮಿಷಿಗನ್ ಇನ್ನೂ ಮುಂದೆ ಹೋಗಿತ್ತು. 2013ರಿಂದ 2015ರವರೆಗೆ ಅಲ್ಲಿನ ‘ಮೈಡಾಸ್’ ತಂತ್ರಾಂಶ ತಾನಾಗಿಯೇ ವಂಚಕರೆಂದು ತೀರ್ಮಾನಿಸಿದವರ ಪೈಕಿ 22,427 ಪ್ರಕರಣಗಳನ್ನು ಮರುಪರಿಶೀಲಿಸಿದಾಗ ಶೇ 93 ತಪ್ಪಾಗಿದ್ದವು. ಭತ್ಯೆಯ ನಾಲ್ಕು ಪಟ್ಟು ದಂಡ ಬೇರೆ.

ನಮ್ಮಲ್ಲಿ ಕಂಪ್ಯೂಟರುಗಳು ಪರಸ್ಪರ ಮಾತಾಡಲಿ ಎನ್ನುವವರು ಇದನ್ನು ಯೋಚಿಸಬೇಕು. ಯುವನಿಧಿ ಪಡೆಯುತ್ತಲೇ ಪಿಎಫ್ ಇಲ್ಲದ ಅಂಗಡಿಯಲ್ಲಿ ಲೆಕ್ಕ ಬರೆಯುವ ಪದವೀಧರ ಯಾವ ದತ್ತಾಂಶದಲ್ಲೂ ಕಾಣುವುದಿಲ್ಲ. ಒಂದೇ ವಾರ ಪಿಎಫ್ ಇರುವ ಕಡೆ ದುಡಿದ ಹುಡುಗಿ ಮಾತ್ರ ಸಿಕ್ಕಿಬೀಳುತ್ತಾಳೆ. ಇನ್ನು ದಿನಕ್ಕೆ ಸರಾಸರಿ 600 ರೂಪಾಯಿ ದುಡಿಯುತ್ತಿದ್ದ ಕಾರ್ಮಿಕಳಿಗೆ ಇಎಸ್‌ಐ ಭತ್ಯೆ 90 ದಿನಕ್ಕೆ 27,000. ಬಾಡಿಗೆಗೂ ಶಾಲೆಯ ಫೀಜಿಗೂ ಖರ್ಚಾದ ಆ ಮೊತ್ತವನ್ನು ಎರಡು ವರ್ಷದ ನಂತರ ಹಿಂದಿರುಗಿಸು ಎಂದರೆ ಅವಳು ಎಲ್ಲಿಂದ ತರಬೇಕು?

ನಾನು ಕೇಳುವುದು ಗಡುವು, ಮತ್ತು ಗಡುವು ತಪ್ಪಿದರೆ ಕಚೇರಿಗೇ ದಂಡ. ನರೇಗಾದಲ್ಲಿ ಕೂಲಿ ತಡವಾದರೆ ಹದಿನಾರನೇ ದಿನದಿಂದ ದಿನಕ್ಕೆ ಶೇ 0.05 ಪರಿಹಾರವೆಂದು ನಿಯಮ ಮಾಡಿದ್ದರು. 2,000 ರೂಪಾಯಿ ಬಾಕಿಗೆ ದಿನಕ್ಕೆ ಒಂದು ರೂಪಾಯಿ! ಇಷ್ಟು ಅಗ್ಗದ ದಂಡಕ್ಕೆ ಯಾವ ಅಧಿಕಾರಿಯೂ ಕುರ್ಚಿಯಿಂದ ಏಳುವುದಿಲ್ಲ. ದಂಡ ಮೈಗೆ ತಾಕುವಂತಿರಲಿ. ಹದಿನೈದು ದಿನದಲ್ಲಿ ಮಾಲೀಕ ಉತ್ತರಿಸದಿದ್ದರೆ ಕಾರ್ಮಿಕಳ ಮಾತೇ ನಿಜವೆಂದು ತೀರ್ಮಾನಿಸಿ ಹಣ ಕೊಡಲಿ. ತೀರ್ಮಾನಿಸಿ ಕೊಟ್ಟದ್ದನ್ನು ಮತ್ತೆ ಕೇಳುವ ಹಾಗಿಲ್ಲ.

ಪರದವರ ಮರುಮಾತು

ಕೊನೆಯ ವಾಕ್ಯಕ್ಕೆ ನನ್ನ ಸಹಿಯೂ ಇರಲಿ. ಆದರೆ ಹದಿನೈದು ದಿನದ ಲೆಕ್ಕ ಶುರುವಾಗುವುದು ಯಾವಾಗ? ಅರ್ಜಿ ‘ಸಂಪೂರ್ಣವಾಗಿದೆ’ ಎಂದು ಕಚೇರಿ ಒಪ್ಪಿದ ದಿನದಿಂದಲೇ? ಹಾಗಾದರೆ ಅರ್ಜಿ ಎಂದಿಗೂ ಸಂಪೂರ್ಣವಾಗುವುದಿಲ್ಲ. ಒಂದು ಫೋಟೋ ಮಸುಕಾಗಿರುತ್ತದೆ, ಒಂದು ಸಹಿ ಓರೆಯಾಗಿರುತ್ತದೆ. ಮೊದಲ 30 ದಿನದ ಭತ್ಯೆ, ಅಂದರೆ ದಿನಕ್ಕೆ 600ರ ಆ ಕಾರ್ಮಿಕಳ ಲೆಕ್ಕದಲ್ಲಿ 9,000 ರೂಪಾಯಿ, ಅರ್ಜಿ ಮುಟ್ಟಿದ ದಿನವೇ ಹೋಗಲಿ. ಇಎಸ್‌ಐ ವಂತಿಗೆ ಕಟ್ಟಿದ ದಾಖಲೆ ನಿಗಮದ ಬಳಿಯೇ ಇರುವುದರಿಂದ ಜೈಲಿನ ಕೈದಿ ಇಲ್ಲಿ ನುಸುಳಲಾರ. ಉಳಿದ 18,000ಕ್ಕೆ ಬೇಕಿದ್ದರೆ ನಿಮ್ಮ ಹದಿನೈದು ದಿನ ಕಾಯೋಣ.