ಟೂಲ್‌ಬಾರ್ ಸತ್ತಿದ್ದಕ್ಕೆ ನಗೋ ಮುಂಚೆ

1/6
ಈ ಫೋಟೋ ನೋಡಿ ನಗು ಬಂತಾ? ನನಗೂ ಬಂದಿತ್ತು. ಅರಸೀಕೆರೆಯಲ್ಲಿ ನಮ್ಮ ಚಿಕ್ಕಪ್ಪನ ಸೈಬರ್ ಸೆಂಟರ್ ಇತ್ತು, ಅಲ್ಲಿನ ಹಳೇ ಕಂಪ್ಯೂಟರ್ ಇದು. ಇಂಟರ್ನೆಟ್ ಎಕ್ಸ್‌ಪ್ಲೋರರ್ ನೆತ್ತಿ ಮೇಲೆ ಒಂದರ ಕೆಳಗೊಂದು ನಾಲ್ಕು ಸರ್ಚ್ ಟೂಲ್‌ಬಾರ್. ನಾಲ್ಕಕ್ಕೂ ಒಂದೊಂದು ಬಾಕ್ಸ್, ಒಂದೊಂದು ಬಣ್ಣ. ಕ್ಲಾಸ್ ಗ್ರೂಪಿಗೆ ಹಾಕಿದೆ, ಎಲ್ಲರೂ ನಕ್ಕರು. 'ಅಜ್ಜಿ ಕಂಪ್ಯೂಟರ್' ಅಂದರು.

ಆದರೆ ಒಂದು ಮಾತು. ಈ ಟೂಲ್‌ಬಾರ್‌ಗಳು ಹೋದಾಗ ಕಸ ಮಾತ್ರ ಹೋಯ್ತು ಅಂತ ನಾವು ನಂಬಿದ್ದೀವಲ್ಲ, ಅದು ಸುಳ್ಳು. ನಮಗೆ ಉಪಯೋಗ ಆಗ್ತಿದ್ದದ್ದು ಹೋಯ್ತು. ಕಂಪನಿಗಳಿಗೆ ಉಪಯೋಗ ಆಗ್ತಿದ್ದದ್ದು ಹಾಗೇ ಉಳೀತು. ಸ್ವೈಪ್ ಮಾಡಿ, ಹೇಳ್ತೀನಿ.

2/6
2000ನೇ ಇಸವಿ ಡಿಸೆಂಬರ್‌ನಲ್ಲಿ ಗೂಗಲ್ ಟೂಲ್‌ಬಾರ್ ಬಂತು. ನಾನಿನ್ನೂ ಹುಟ್ಟಿರಲಿಲ್ಲ. ಆಗ ಎಕ್ಸ್‌ಪ್ಲೋರರ್‌ನಲ್ಲಿ ಅಡ್ರೆಸ್ ಬಾಕ್ಸ್ ಅಂದ್ರೆ ಮುಖ್ಯವಾಗಿ ಅಡ್ರೆಸ್ ಬರೆಯೋಕೆ. ಹುಡುಕಬೇಕು ಅಂದ್ರೆ ಸಾಮಾನ್ಯವಾಗಿ ಸರ್ಚ್ ಸೈಟಿಗೇ ಹೋಗೋರು. ಟೂಲ್‌ಬಾರ್ ಹಾಕಿಕೊಂಡರೆ ಯಾವ ಸೈಟಲ್ಲಿದ್ದರೂ ಬಾಕ್ಸ್ ಕಣ್ಣೆದುರಿಗೇ ಇರೋದು.

ಅದು ದೊಡ್ಡ ವಿಷಯ ಅಲ್ಲ ಬಿಡಿ, ಈಗ ಎಲ್ಲ ಬ್ರೌಸರಲ್ಲೂ ಇದೆ. ಪಾಪ್‌ಅಪ್ ತಡೆಯೋದು 2003ರಲ್ಲಿ ಟೂಲ್‌ಬಾರಲ್ಲಿ ಬಂತು, ಮುಂದಿನ ವರ್ಷ ಮೈಕ್ರೋಸಾಫ್ಟ್ ಎಕ್ಸ್‌ಪ್ಲೋರರ್ ಒಳಗೇ ಹಾಕ್ತು. ಫಾರಂ ತಾನೇ ತುಂಬೋದೂ ಬ್ರೌಸರಿಗೆ ಬಂತು. ಇವೆಲ್ಲ ನ್ಯಾಯವಾಗೇ ಆಯ್ತು.

ನನ್ನ ತಕರಾರು ಉಳಿದ ಬಟನ್‌ಗಳದ್ದು. ನೀವು ನಾಲ್ಕು ಪದ ಹಾಕಿ ಹುಡುಕಿ ಒಂದು ಪುಟಕ್ಕೆ ಹೋದ್ರಿ ಅಂತಿಟ್ಕೊಳ್ಳಿ. ಹೈಲೈಟ್ ಬಟನ್ ಒತ್ತಿದರೆ ಆ ನಾಲ್ಕೂ ಪದಕ್ಕೆ ಪುಟದಲ್ಲಿ ಬೇರೆ ಬೇರೆ ಬಣ್ಣ. ಪದಗಳು ಟೂಲ್‌ಬಾರಲ್ಲೇ ಬಟನ್ ಆಗಿ ನಿಲ್ಲೋವು. ಒಂದನ್ನ ಒತ್ತಿದರೆ ಅದು ಇರೋ ಜಾಗಕ್ಕೆ ಹಾರೋದು. ಇನ್ನೊಂದು ಬಟನ್ ಇತ್ತು, ನೀವಿರೋ ಸೈಟಿನ ಒಳಗೆ ಮಾತ್ರ ಹುಡುಕೋಕೆ. ಮತ್ತೊಂದು, 'ಮೇಲಕ್ಕೆ'. ಉದ್ದ ಅಡ್ರೆಸ್ಸಿನಿಂದ ಒಂದು ಮೆಟ್ಟಿಲು ಮೇಲೆ ಹೋಗೋದು. ಪುಟ ಸತ್ತಿದ್ದರೆ ಗೂಗಲ್ ಇಟ್ಟುಕೊಂಡಿದ್ದ ಹಳೇ ಪ್ರತಿ ತೋರಿಸೋಕೂ ಮೆನುವಲ್ಲಿ ಜಾಗ ಇತ್ತು.

ಗಮನಿಸಿದ್ರಾ? ಇವೆಲ್ಲ ಕೆಲಸ ಮಾಡ್ತಿದ್ದದ್ದು ನೀವು ಪುಟಕ್ಕೆ ಹೋದ ಮೇಲೆ. ಲೈಬ್ರರಿಯಲ್ಲಿ ಪುಸ್ತಕ ತೋರಿಸಿ ವಾಪಸ್ ಹೋಗದೆ, ಪಕ್ಕದಲ್ಲೇ ನಿಂತು ಪುಟ ತಿರುವೋಕೆ ಸಹಾಯ ಮಾಡೋ ಮೇಷ್ಟ್ರ ಥರ.

ಈಗ? ಕಂಪ್ಯೂಟರಲ್ಲಿ ಕಂಟ್ರೋಲ್ ಎಫ್ ಇದೆ, ಒಂದು ಸಲಕ್ಕೆ ಒಂದೇ ಪದ. ಕಂಪನಿಯ ಮುನ್ನೂರು ಪುಟದ ವಾರ್ಷಿಕ ವರದಿಯಲ್ಲಿ 'ಸಾಲ' ಮತ್ತು 'ಬಡ್ಡಿ' ಎರಡೂ ಒಟ್ಟಿಗೆ ಎಲ್ಲಿ ಬರುತ್ತೆ ನೋಡಬೇಕು ಅಂದ್ರೆ ನೀವೇ ಮೇಲೆ ಕೆಳಗೆ ಓಡಾಡಬೇಕು. ಬಿಕಾಂ ಓದೋರಿಗೆ ಈ ಕಷ್ಟ ಗೊತ್ತಿರುತ್ತೆ. ಐಫೋನ್ ಸಫಾರಿಯಲ್ಲಂತೂ ಸೈಟಿನ ಹೆಸರಷ್ಟೇ ಕಾಣುತ್ತೆ, ನೀವು ಎಷ್ಟು ಒಳಗೆ ಬಂದಿದ್ದೀರಿ ಅನ್ನೋದು ಮುಟ್ಟಿದ ಮೇಲೇ ತಿಳಿಯೋದು. ಹಳೇ ಪ್ರತಿಯ ಲಿಂಕನ್ನ ಗೂಗಲ್ 2024ರಲ್ಲಿ ತೆಗೆದೇ ಹಾಕ್ತು.

3/6
ಇದೆಲ್ಲ ಯಾಕೆ ತಲೆ ಕೆಡಿಸಿಕೊಂಡೆ ಅಂದ್ರೆ, ನನ್ನ ಫ್ರೆಂಡ್ ಒಬ್ಬಳು ಹೋದ ವರ್ಷ ಸ್ಕಾಲರ್‌ಶಿಪ್ ಕಳ್ಕೊಂಡಳು. ಕೊನೇ ದಿನಾಂಕ ಯಾವಾಗ ಅಂತ ಫೋನಲ್ಲಿ ಹುಡುಕಿದಳು. ಮೇಲುಗಡೆ ದೊಡ್ಡ ಅಕ್ಷರದಲ್ಲಿ ಉತ್ತರ ಬಂತು. ಯಾವ ಸರ್ಚ್ ಅಂತ ಬೇಡ. ಆ ದಿನಾಂಕ ಹಿಂದಿನ ವರ್ಷದ್ದು. ಈ ವರ್ಷದ್ದು ಹತ್ತು ದಿನ ಮೊದಲೇ ಮುಗಿದಿತ್ತು. ಒಂದು ವರ್ಷದ ಫೀಸಿನ ಅರ್ಧದಷ್ಟು ದುಡ್ಡು ಅದು. ಅವರಪ್ಪ ಆಟೋ ಓಡಿಸ್ತಾರೆ.

'ನೋಟಿಸ್ ಓಪನ್ ಮಾಡಿ ನೋಡ್ಲಿಲ್ವೇನೇ?' ಅಂದೆ.
'ಉತ್ತರ ಮೇಲೇ ಇತ್ತಲ್ಲೋ, ಯಾಕೆ ಓಪನ್ ಮಾಡ್ಲಿ?' ಅಂದಳು.

ಟೂಲ್‌ಬಾರ್ ಇದ್ದಿದ್ದರೆ ಅವಳಿಗೆ ದುಡ್ಡು ಸಿಗ್ತಿತ್ತು ಅಂತ ನಾನು ಹೇಳಲ್ಲ. ಆದರೆ ಅವಳ ಪ್ರಶ್ನೆಗೆ ನನ್ನ ಹತ್ರ ಉತ್ತರ ಇರಲಿಲ್ಲ. ಆಗಿನ ಟೂಲ್‌ಬಾರ್ ಪುಟದ ಒಳಗೆ ಹೋಗೋರಿಗೆ ಅಂತ ಮಾಡಿದ್ದು. ಈಗಿನ ಬಾಕ್ಸ್ ಬಾಗಿಲಲ್ಲೇ ನಿಲ್ಲಿಸಿ ಉತ್ತರ ಕೈಗಿಟ್ಟು ಕಳಿಸುತ್ತೆ.

4/6
ಈಗ ನೀವು ಕೇಳ್ತೀರಿ: 'ಗುರು, ಅವು ವೈರಸ್ ಥರ ಇದ್ವಲ್ಲ?' ಒಪ್ಪಿದೆ. ಜಾವಾ ಅಪ್‌ಡೇಟ್ ಮಾಡೋಕೆ ಹೋದರೆ ಟಿಕ್ ಹಾಕಿದ ಬಾಕ್ಸಿನ ಜೊತೆ ಆಸ್ಕ್ ಟೂಲ್‌ಬಾರ್ ಬರೋದು. ಟಿಕ್ ತೆಗೀಲಿಲ್ಲ ಅಂದ್ರೆ ಅದು ಮನೆ ಅಳಿಯ. 2015ರಲ್ಲಿ ಅದರ ಹಳೇ ಆವೃತ್ತಿಗಳನ್ನ ಮೈಕ್ರೋಸಾಫ್ಟ್ ಬೇಡದ ಸಾಫ್ಟ್‌ವೇರ್ ಪಟ್ಟಿಗೆ ಸೇರಿಸ್ತು. ಒಳ್ಳೇದೇ ಆಯ್ತು. ಗೂಗಲ್‌ನದ್ದೂ ಸಾಚಾ ಏನಲ್ಲ. ಅದರ ಪೇಜ್‌ರ್‍ಯಾಂಕ್ ಹಸಿರು ಪಟ್ಟಿ ಆನ್ ಮಾಡಿದರೆ, ನೀವು ನೋಡೋ ಪುಟಗಳ ಅಡ್ರೆಸ್ ಗೂಗಲ್‌ಗೆ ಹೋಗ್ತಿತ್ತು.

ಆದರೆ ಆ ಚಾಳಿ ಟೂಲ್‌ಬಾರ್ ಜೊತೆ ಸತ್ತಿಲ್ಲ, ಮನೆ ಬದಲಾಯಿಸಿದೆ ಅಷ್ಟೆ. 2008ರ ಸೆಪ್ಟೆಂಬರಲ್ಲಿ ಕ್ರೋಮ್ ಬಂತು. ಅಡ್ರೆಸ್ ಬಾಕ್ಸ್, ಸರ್ಚ್ ಬಾಕ್ಸ್ ಎರಡೂ ಒಂದೇ ಆದವು. ಸಜೆಶನ್ ಆನ್ ಇದ್ದರೆ ಎಂಟರ್ ಒತ್ತೋ ಮುಂಚೆಯೇ ನೀವು ಟೈಪ್ ಮಾಡಿದ ಅಕ್ಷರ ಸರ್ಚ್ ಕಂಪನಿಗೆ ಹೋಗುತ್ತೆ. ಕ್ರೋಮ್ ನೋಡಿಕೊಂಡ ಸುಂದರ್ ಪಿಚೈ ಅದಕ್ಕೂ ಮೊದಲು ನೋಡಿಕೊಂಡಿದ್ದು ಇದೇ ಗೂಗಲ್ ಟೂಲ್‌ಬಾರನ್ನ. ನನಗೆ ಇದು ಗೊತ್ತಾದಾಗ ಎಲ್ಲಾ ಲೆಕ್ಕ ತಾಳೆ ಆಯ್ತು.

5/6
ಲೆಕ್ಕ ಅಂದಮೇಲೆ ನಮ್ಮ ಸಬ್ಜೆಕ್ಟಿಗೇ ಬರೋಣ. ಗೂಗಲ್‌ನ ತಾಯಿ ಕಂಪನಿ ಆಲ್ಫಾಬೆಟ್‌ನ ವರದಿಯಲ್ಲಿ 'ಟ್ರಾಫಿಕ್ ಅಕ್ವಿಸಿಷನ್ ಕಾಸ್ಟ್' ಅಂತ ಒಂದು ಖರ್ಚಿನ ಸಾಲು ಇದೆ. ನಿಮ್ಮ ಫೋನಲ್ಲಿ, ಬ್ರೌಸರಲ್ಲಿ ತಮ್ಮ ಸರ್ಚ್ ಮೊದಲೇ ಕೂತಿರಲಿ ಅಂತ ಬೇರೆಯವರಿಗೆ ಕೊಡೋ ದುಡ್ಡೂ ಅದರಲ್ಲೇ ಬರುತ್ತೆ. ಹಾಗೆ ಡೀಫಾಲ್ಟ್ ಆಗೋಕೆ 2021ರಲ್ಲಿ ಕೊಟ್ಟಿದ್ದು 2,630 ಕೋಟಿ ಡಾಲರ್ ಅಂತ ಅಮೆರಿಕದ ಕೋರ್ಟ್ ಕೇಸಲ್ಲಿ ಹೊರಬಂತು. ರೂಪಾಯಿ ಅಲ್ಲ, ಡಾಲರ್. ಸಫಾರಿಗಾಗಿ ಆಪಲ್ ಒಂದಕ್ಕೇ 2022ರಲ್ಲಿ 2,000 ಕೋಟಿ ಡಾಲರ್. 2024ರ ಆಗಸ್ಟ್ 5ರಂದು ಜಡ್ಜ್ ಅಮಿತ್ ಮೆಹ್ತಾ, ಗೂಗಲ್ ಕಾನೂನು ಮೀರಿ ಏಕಸ್ವಾಮ್ಯ ಉಳಿಸಿಕೊಂಡಿದೆ ಅಂತ ತೀರ್ಪು ಕೊಟ್ಟರು.

ಒಂದು ಬಾಕ್ಸಿನ ಜಾಗಕ್ಕೆ ಇಷ್ಟು ದುಡ್ಡು ಸುರಿಯೋರಿಗೆ, ಅದರ ಪಕ್ಕ ಒಂದು ಹೈಲೈಟ್ ಬಟನ್ ಇಡೋಕೆ ಜಾಗ ಇಲ್ವಂತೆ. ಡಿಸೈನ್ ಕ್ಲೀನ್ ಇರಬೇಕಂತೆ. ಕ್ಲೀನ್ ಆಗಿದ್ದು ಯಾರಿಗೆ? ಹೈಲೈಟ್ ಬಟನ್‌ನಿಂದ ಅವರಿಗೆ ಜಾಹೀರಾತು ಸಿಗಲ್ಲ, ಡೀಫಾಲ್ಟ್ ಬಾಕ್ಸಿಂದ ಸಿಗುತ್ತೆ. ನನಗೆ ಕಾಣೋ ಕಾರಣ ಇಷ್ಟೇ.

ಗೂಗಲ್ ಟೂಲ್‌ಬಾರ್ 2021ರ ಡಿಸೆಂಬರಲ್ಲಿ ಸದ್ದಿಲ್ಲದೆ ನಿಂತುಹೋಯ್ತು. ಮುಂದಿನ ಜೂನ್‌ನಲ್ಲಿ ಎಕ್ಸ್‌ಪ್ಲೋರರೂ ಹೋಯ್ತು. ಮೀಮ್ ಎಲ್ಲಾ ಬಂದಿದ್ದು ಎಕ್ಸ್‌ಪ್ಲೋರರಿಗೆ.

6/6
ನಾಲ್ಕು ಟೂಲ್‌ಬಾರ್ ವಾಪಸ್ ತನ್ನಿ ಅಂತ ನಾನು ಕೇಳ್ತಿಲ್ಲ. ಆ ಮೂರು ಬಟನ್ ಬ್ರೌಸರ್ ಒಳಗೇ, ಕಣ್ಣಿಗೆ ಕಾಣೋ ಜಾಗದಲ್ಲಿ ಬರಲಿ: ಹಲವು ಪದಕ್ಕೆ ಬಣ್ಣ, ಈ ಸೈಟಲ್ಲಿ ಹುಡುಕು, ಒಂದು ಮೆಟ್ಟಿಲು ಮೇಲೆ. ಅಲ್ಲೀವರೆಗೆ ಆಂಡ್ರಾಯ್ಡ್ ಕ್ರೋಮಲ್ಲಿ ಮೂರು ಚುಕ್ಕಿ ಒತ್ತಿ, 'ಫೈಂಡ್ ಇನ್ ಪೇಜ್' ಇದೆ. ನಮ್ಮ ಕ್ಲಾಸಲ್ಲಿ ಕೇಳಿದೆ, ಗೊತ್ತಿದ್ದೋರು ಇಬ್ಬರೇ. ಒಂದು ಸೈಟಿನ ಒಳಗೆ ಹುಡುಕೋಕೆ ಇಂಗ್ಲಿಷಲ್ಲಿ 'ಸೈಟ್' ಅಂತ ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಸೈಟಿನ ವಿಳಾಸ, ಆಮೇಲೆ ನಿಮ್ಮ ಪದ. ಕಂಪ್ಯೂಟರಲ್ಲಿ ಫೈರ್‌ಫಾಕ್ಸ್ ಇದ್ದರೆ ಬೇರೆ ಸರ್ಚ್ ಬಾಕ್ಸನ್ನ ನೀವೇ ವಾಪಸ್ ತಂದು ಕೂರಿಸಬಹುದು.

ಮೊನ್ನೆ ಅವಳು ಈ ವರ್ಷದ ಅರ್ಜಿ ಹಾಕೋಕೆ ಕೂತಳು. ಈ ಸಲ ನೇರ ನೋಟಿಸ್ ಪಿಡಿಎಫ್ ತೆಗೆದಳು. ನಾನು ದೊಡ್ಡದಾಗಿ, ತಾಳು, ಹುಡುಕೋದು ಹೇಗೆ ಅಂತ ತೋರಿಸ್ತೀನಿ ಅಂದೆ. ಅದು ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿದ ಪಿಡಿಎಫ್, ಬರೀ ಚಿತ್ರ. ಒಂದಕ್ಷರ ಸಿಗಲಿಲ್ಲ. ಅವಳು ನನ್ನ ಮುಖ ನೋಡಿ ನಕ್ಕು, ಹನ್ನೊಂದು ಪುಟ ಬೆರಳಿಟ್ಟು ಓದಿದಳು. ದಿನಾಂಕ ಏಳನೇ ಪುಟದಲ್ಲಿತ್ತು.